ವಿಷಯ: 160 ಡಿಗ್ರಿಗೆ ಇಟ್ಟರೆ 228ಕ್ಕೆ ಏರುವ ನಿಮ್ಮ ಧೂಪದ ಹೀಟರ್ ಬಗ್ಗೆ ದೂರು

ಮಡಿಕೇರಿ
ಆಗಸ್ಟ್ 14

ಗೆ,
ಕುಂದುಕೊರತೆ ಅಧಿಕಾರಿಗಳು
(ಕಂಪನಿಯ ಹೆಸರು, ವಿಳಾಸ ಲಕೋಟೆಯ ಮೇಲಿದೆ)

ಮಾನ್ಯರೇ,

ಕೆಂಡವಿಲ್ಲದೆ, ಸುಡದೆ, ಒಣ ಸೊಪ್ಪು ಮತ್ತು ಧೂಪವನ್ನು ಬಿಸಿ ಮಾಡಿ ಪರಿಮಳ ಮಾತ್ರ ಹೊರಡಿಸುತ್ತದೆ ಎಂದು ನಿಮ್ಮದೇ ವೆಬ್‌ಸೈಟ್‌ನಲ್ಲಿ 3,490 ರೂಪಾಯಿಗೆ ಮಾರಿದ ಬ್ಯಾಟರಿ ಹೀಟರ್ ಬಗ್ಗೆ ಇದು ನನ್ನ ಮೊದಲ ಪತ್ರ. ಫೋನ್ ಕರೆಗಳು ಆರಾದವು. ಆರರಲ್ಲೂ ಮರ್ಯಾದೆಯಿಂದಲೇ ಮಾತಾಡಿದ್ದೇನೆ. ರೆಕಾರ್ಡಿಂಗ್ ನಿಮ್ಮಲ್ಲಿರುತ್ತದೆ, 'ಗುಣಮಟ್ಟಕ್ಕಾಗಿ' ಎಂದು ಪ್ರತಿಸಲವೂ ಹೇಳುತ್ತೀರಲ್ಲ.

ದೋಷ ಇಷ್ಟು. ಬಿಸಿ ಅಳೆಯುವ ಕೆ-ಟೈಪ್ ಥರ್ಮೋಕಪಲ್ ಮೀಟರಿನ ತುದಿಯನ್ನು ಹೀಟರಿನಲ್ಲಿ ಸೊಪ್ಪು ಹಾಕುವ ಬಟ್ಟಲಿನ ಗೋಡೆಗೆ ತಾಗಿಸಿ, ಎರಡು ನಿಮಿಷ ಬಿಟ್ಟು ನೋಡಿದರೆ 130ರ ಸೆಟ್ಟಿಂಗ್‌ನಲ್ಲಿ 181, 160ರಲ್ಲಿ 228, 190ರಲ್ಲಿ 274. ಮೀಟರೇ ಸರಿಯಿಲ್ಲ ಎನ್ನುವ ಮೊದಲು ಕೇಳಿ: ಅದೇ ತುದಿಯನ್ನು ಕುದಿಯುವ ನೀರಿಗೆ ಇಳಿಸಿದರೆ 96 ತೋರಿಸುತ್ತದೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ, ಇಲ್ಲಿ ನೀರು ಕುದಿಯುವುದೇ ಅಷ್ಟಕ್ಕೆ. ಮೀಟರ್ ಸರಿಯಾಗಿದೆ.

ವ್ಯತ್ಯಾಸ 51, 68, 84 ಎಂದು ಸೆಟ್ಟಿಂಗ್ ಜೊತೆಗೇ ಏರುತ್ತಿರುವುದನ್ನು ಗಮನಿಸಿ. ಸೆನ್ಸರ್ ಬಟ್ಟಲಿಗೆ ಅಂಟಿಕೊಂಡಿಲ್ಲದಿದ್ದರೆ ಆಗುವುದೇ ಹೀಗೆ. ಅದು ಲೋಹದ ಬಿಸಿಯ ಬದಲು ಪಕ್ಕದ ಗಾಳಿಯ ಬಿಸಿಯನ್ನು ಅಳೆಯುತ್ತದೆ. ಇನ್ನೂ ಸಾಲದು ಎಂದುಕೊಂಡು ಸರ್ಕ್ಯೂಟ್ ಕರೆಂಟ್ ಕೊಡುತ್ತಲೇ ಇರುತ್ತದೆ. ತಳದ ಜಾಲರಿ ಕಳಚಬಹುದು ಎಂದು ನಿಮ್ಮ ಕೈಪಿಡಿಯೇ ಹೇಳಿದೆ. ಕಳಚಿ ಟಾರ್ಚ್ ಬಿಟ್ಟರೆ ಸೆನ್ಸರಿನ ಮಣಿ ಗೋಡೆಯಿಂದ ಉಗುರಿನ ದಪ್ಪದಷ್ಟು ದೂರ ನಿಂತಿರುವುದು ಬರಿಗಣ್ಣಿಗೇ ಕಾಣುತ್ತದೆ. ಫೋಟೊ ಲಗತ್ತಿಸಿದ್ದೇನೆ. 160ಕ್ಕೆ ಇಟ್ಟ ತುಳಸಿ ಕಂದು ಬಣ್ಣಕ್ಕೆ ತಿರುಗಿ ಪರಿಮಳ ಬಿಡಬೇಕಿತ್ತು. ಐದು ನಿಮಿಷಕ್ಕೆ ಕರಿಯಾಗಿ, ಕೋಣೆ ತುಂಬ ಸುಟ್ಟ ಹೊಗೆ. ಅದಕ್ಕಾದರೆ ಕೆಂಡವೇ ಸಾಕಿತ್ತು, 3,490 ರೂಪಾಯಿ ಬೇಕಿರಲಿಲ್ಲ.

ಆಗಸ್ಟ್ 6ರ ಆರನೆಯ ಕರೆಯನ್ನು ಇಲ್ಲಿ ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ.

"ಒಳಗೆ ಏನು ಹಾಕಿದ್ರಿ ಸರ್?"
"ಒಣ ತುಳಸಿ, ಅರ್ಧ ಗ್ರಾಂ."
"ತುಳಸಿ ಮಾತ್ರಾನಾ?"
"ತುಳಸಿ ಮಾತ್ರ."
"ಎಲ್ಲಿಂದ ಮಾತಾಡ್ತಿದೀರಾ?"
"ಮಡಿಕೇರಿ."
"ಓಹ್, ಕೂರ್ಗಾ?"

ಆಮೇಲೆ ಫೋನು ಬದಿಗಿಟ್ಟ ಸದ್ದು. "ಕೂರ್ಗ್ ಪಾರ್ಟಿ ಗುರೂ, ತುಳಸಿಯಂತೆ!" ಇಬ್ಬರು ನಕ್ಕರು. ಮೂವರೂ ಇರಬಹುದು. ಮ್ಯೂಟ್ ಬಟನ್ ಎಲ್ಲಿದೆ ಎಂಬ ತರಬೇತಿ ನಿಮ್ಮಲ್ಲಿ ಇಲ್ಲವೇನೋ. ಮತ್ತೆ ಫೋನಿಗೆ ಬಂದವರು, "ಬೇರೆ ಥರದ ಸೊಪ್ಪು ಹಾಕಿದ್ರೆ ವಾರಂಟಿ ಬರಲ್ಲ ಸರ್" ಎಂದರು. ಬೇರೆ ಥರ ಅಂದರೆ ಯಾವುದು ಎಂದು ಕೇಳಿದೆ. "ಅದು ನಿಮಗೇ ಗೊತ್ತಿರತ್ತೆ ಸರ್."

ಗೊತ್ತಿದೆ. ನಮ್ಮಲ್ಲಿ ಆಗಸ್ಟ್ 3ಕ್ಕೆ, ಅಂದರೆ ಕೊಡವರ ಮಳೆಗಾಲದ ತಿಂಗಳು ಕಕ್ಕಡದ ಹದಿನೆಂಟಕ್ಕೆ, ಮದ್ದುಸೊಪ್ಪು ಕುದಿಸಿ ನೇರಳೆ ಬಣ್ಣದ ಪಾಯಸ ಮಾಡುತ್ತಾರೆ. ಕೊಡಗಿನ ಸೊಪ್ಪು ಅಂದರೆ ಅದು. ಮೂಗಿಗೋ ಬಾಯಿಗೋ ಎಳೆದುಕೊಳ್ಳುವ ಇಂಥ ಯಂತ್ರಗಳು 2019ರ ಇ-ಸಿಗರೇಟ್ ನಿಷೇಧ ಕಾಯ್ದೆಯ ಕೆಳಗೆ ಬರುತ್ತವೆ, ಅದಕ್ಕೇ ನಮ್ಮ ಯಂತ್ರಕ್ಕೆ ಬಾಯಿಗಿಡುವ ಕೊಳವೆ ಕೊಟ್ಟಿಲ್ಲ ಎಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಿದವರು ನೀವೇ. ನಿಮ್ಮ ಪೆಟ್ಟಿಗೆಯನ್ನು ನಿಮ್ಮವರು ಓದಿರಬೇಕು ಎಂಬುದು ನನ್ನ ತಪ್ಪು ತಿಳಿವಳಿಕೆ.

ಕೊನೆಗೆ ಅವರು ಕೊಟ್ಟ ತೀರ್ಪು: "ಮಳೆಗಾಲ ಅಲ್ವಾ ಸರ್, ಎಲೆ ತೇವ ಇರತ್ತೆ, ಅದಕ್ಕೇ ಓವರ್‌ಹೀಟ್." ಇದು ತಲೆಕೆಳಗಾದ ಮಾತು. ಎಲೆಯಲ್ಲಿ ನೀರಿದ್ದರೆ ಅದು ಆವಿಯಾಗಲು ಬಿಸಿಯನ್ನು ಹೀರಿಕೊಳ್ಳುತ್ತದೆ, ಬಟ್ಟಲು ನಿಧಾನವಾಗಿ ಕಾಯುತ್ತದೆ. ಆಗ ದೂರು ಬರಬೇಕಾದದ್ದು ಪರಿಮಳವೇ ಇಲ್ಲ, ಬರೀ ಬಿಳಿ ಹಬೆ ಎಂದು. ಇಲ್ಲಿನ ಕಕ್ಕಡದ ಮಳೆಯಲ್ಲಿ ಎಲೆ ಒಣಗಿಸುವುದನ್ನು ಕಾಲ್‌ಸೆಂಟರಿನಿಂದ ಕಲಿಯಬೇಕಾಗಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ, ಕಡ್ಡಿ ಬಾಗದೆ ಪಟ್ಟನೆ ಮುರಿದ ಮೇಲೆ, ಹುರಿದ ಅಕ್ಕಿಯ ಗಂಟಿನ ಜೊತೆ ಬಿಗಿ ಡಬ್ಬಿಗೆ ಹಾಕುತ್ತೇವೆ. ಅದೂ ಬೇಡ, ಮೇಲೆ ಬರೆದ ಮೂರೂ ಅಳತೆ ಖಾಲಿ ಬಟ್ಟಲಿನವು. ಖಾಲಿ ಬಟ್ಟಲಿಗೆ ಎಲ್ಲಿಯ ತೇವ?

ಪತ್ರ ಹೇಗೂ ಉದ್ದವಾಯಿತು, ಉಳಿದದ್ದನ್ನೂ ಹೇಳಿಬಿಡುತ್ತೇನೆ. 2,600 ಎಂಎಎಚ್ ಸೆಲ್, ಒಮ್ಮೆ ಚಾರ್ಜ್ ಮಾಡಿದರೆ ಹತ್ತು ನಿಮಿಷದ ಎಂಟು ಸುತ್ತು ಎಂದಿದ್ದೀರಿ. 3.7 ವೋಲ್ಟ್‌ಗೆ ಗುಣಿಸಿದರೆ ಸುಮಾರು 9.6 ವ್ಯಾಟ್‌ಅವರ್. ಹೀಟರ್ 20 ವ್ಯಾಟ್ ಎಂದು ನೀವೇ ಬರೆದಿದ್ದೀರಿ. ಬಿಡದೆ ಉರಿದರೆ ಅರ್ಧ ಗಂಟೆಯೂ ಬಾಳದು. ಬಟ್ಟಲು ಕಾದ ಮೇಲೆ ಕರೆಂಟ್ ಕಡಿತವಾಗುತ್ತಿದ್ದರೆ ಮಾತ್ರ ಎಂಟು ಸುತ್ತು ಸಾಧ್ಯ. ಸೆನ್ಸರ್ ಕುರುಡಾದ್ದರಿಂದ ಅದು ಕಡಿತವಾಗುವುದೇ ಅಪರೂಪ, ಸಿಗುವುದು ಮೂರೇ ಸುತ್ತು.

ಕೈಪಿಡಿಯಲ್ಲಿ 'ಧೂಪವನ್ನು ನೇರವಾಗಿ ಜಾಲರಿಯ ಮೇಲಿಡಿ' ಎಂದಿದೆ. ಬರೆದವರು ಧೂಪ ಕಂಡವರಲ್ಲ. ಇಲ್ಲಿ ಸಿಗುವ ಕರಿಧೂಪವಾಗಲಿ, ಅಂಗಡಿಯ ಸಾಂಬ್ರಾಣಿಯಾಗಲಿ ಮರದ ಅಂಟು, ಬಿಸಿಗೆ ಮೊದಲು ಕರಗುತ್ತದೆ. ಜಾಲರಿಯ ತೂತಿನಿಂದ ಇಳಿದು ಹೀಟರಿನ ಮೇಲೆ ಕೂತು ಸುಟ್ಟು ಕಲ್ಲಾಗುತ್ತದೆ. ಹೆಸರುಕಾಳಿನಷ್ಟು ಧೂಪವನ್ನು ಪುಟ್ಟ ಸ್ಟೀಲ್ ತಟ್ಟೆಯಲ್ಲಿಟ್ಟು ಆ ತಟ್ಟೆಯನ್ನು ಬಟ್ಟಲಿಗೆ ಇಳಿಸಬೇಕು. ಎರಡು ರೂಪಾಯಿಯ ಆ ತಟ್ಟೆ ಪೆಟ್ಟಿಗೆಯಲ್ಲಿಲ್ಲ. 'ನೀರಿನಿಂದ ತೊಳೆಯಿರಿ' ಎಂಬುದು ಇನ್ನೊಂದು. ಅಂಟು ನೀರಿಗೆ ಬಿಡುವುದಿಲ್ಲ, ಕೆಡುವುದು ಒಳಗಿನ ಸರ್ಕ್ಯೂಟ್. ಬಟ್ಟಲು ಉಗುರುಬೆಚ್ಚಗಿರುವಾಗ ಬ್ರಷ್‌ನಿಂದ ಉಜ್ಜಿ, ತಣ್ಣಗಾದ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಪೂರ್ತಿ ಆರುವವರೆಗೆ ಸ್ವಿಚ್ ಮುಟ್ಟಬಾರದು. ಅದರ ಆವಿಗೆ ಬೆಂಕಿ ಹಿಡಿಯುತ್ತದೆ. ಮುಂದಿನ ಮುದ್ರಣದಲ್ಲಿ ಬಳಸಿಕೊಳ್ಳಿ, ಸಂಭಾವನೆ ಬೇಡ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದ್ದಕ್ಕೆ 48 ಗಂಟೆಯೊಳಗೆ ಉತ್ತರ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕಾದವರು ತಾವು. ನಿಮಗೆ ಗೊತ್ತಿರದ ವಿಷಯವಲ್ಲ. ಮೊದಲ ಕರೆ ಮಾಡಿದ್ದು ಜುಲೈ 9ರಂದು. ಪೂರ್ತಿ ಹಣ ವಾಪಸ್ ಮಾಡಿ, ಆ ಕರೆಯ ಬಗ್ಗೆ ಬರಹದಲ್ಲಿ ಕ್ಷಮೆ ಕೇಳಿ. ಬೇರೆ ಪೀಸ್ ಕಳಿಸುತ್ತೇವೆ ಎನ್ನಬೇಡಿ.

ಪತ್ರ ತಲುಪಿದ 15 ದಿನದೊಳಗೆ ಇದಾಗದಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಭೇಟಿಯಾಗೋಣ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕ ವಾಸವಿರುವ ಊರಲ್ಲೇ ದಾವೆ ಹೂಡಬಹುದು, 5 ಲಕ್ಷದವರೆಗೆ ಶುಲ್ಕವೂ ಇಲ್ಲ. ನನಗೆ ನಡೆದು ಹೋಗುವ ದೂರ, ನಿಮಗೆ ಘಾಟಿ ಹತ್ತಬೇಕು. ಸೆಲ್ಲಿನ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಸಂಖ್ಯೆ ಯಾಕಿಲ್ಲ ಎಂಬ ಪ್ರಶ್ನೆಯನ್ನು ಪ್ರತ್ಯೇಕ ಪತ್ರದಲ್ಲಿ ಬೇರೆ ಇಲಾಖೆಗೆ ಬರೆದಿಟ್ಟಿದ್ದೇನೆ, ಸ್ಟ್ಯಾಂಪ್ ಹಚ್ಚುವುದೊಂದು ಬಾಕಿ.

ಯಂತ್ರವನ್ನು ಕೊರಿಯರ್‌ನಲ್ಲಿ ವಾಪಸ್ ಕಳಿಸಿ ಎಂದು ನಿಮ್ಮವರು ಎರಡು ಸಲ ಹೇಳಿದ್ದಾರೆ. ಕಳಿಸುವುದಿಲ್ಲ. ಅದು ಈಗ ಸಾಕ್ಷ್ಯ. ಸೆನ್ಸರ್ ಎಲ್ಲಿ ನಿಂತಿದೆಯೋ ಅಲ್ಲೇ ಇರಲಿ ಎಂದು ಹತ್ತಿಯಲ್ಲಿ ಸುತ್ತಿ, ಹುರಿದ ಅಕ್ಕಿಯ ಡಬ್ಬಿಯಲ್ಲಿಟ್ಟಿದ್ದೇನೆ. ತೇವದ ಚಿಂತೆ ಬೇಡ.

ಇಂತಿ,
ಕೂರ್ಗ್ ಪಾರ್ಟಿ

(ಸಹಿ, ಆರ್ಡರ್ ಸಂಖ್ಯೆ ಮತ್ತು ಬಿಲ್ಲಿನ ಪ್ರತಿ ಹಿಂಬದಿಯಲ್ಲಿವೆ)