ನಾಲ್ಕು ಚಾನೆಲ್ ಅಂದಿರಿ, ನಾವು ಎಣಿಸಿದಾಗ ಮೂರೇ ಇದ್ದವು: ಸ್ಪೀಕರ್ ವಾಪಸ್ ಪಡೆಯುವ ಬಗ್ಗೆ ದೂರು

ದಿನಾಂಕ: ಮೇ 4

ಇವರಿಂದ:
ನಿಮ್ಮ ಒಬ್ಬ ಗ್ರಾಹಕ,
ಅಂಕೋಲಾ, ಉತ್ತರ ಕನ್ನಡ ಜಿಲ್ಲೆ

ಇವರಿಗೆ:
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ತಪ್ಪು ಮಾಹಿತಿ ಕೊಟ್ಟು ಮಾರಿದ, ನಾಲ್ಕೇ ತಿಂಗಳಲ್ಲಿ ಕೆಟ್ಟ ಸ್ಪೀಕರಿನ ಹಣ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ಕಳೆದ ನವೆಂಬರ್ 14ರಂದು ನಿಮ್ಮ ಆನ್‌ಲೈನ್ ಅಂಗಡಿಯಿಂದ 31,900 ರೂಪಾಯಿ ಕೊಟ್ಟು ಆಂಪ್ಲಿಫೈಯರ್, ಹಲವು ಮೈಕುಗಳ ದನಿ ಸೇರಿಸುವ ಮಿಕ್ಸರ್ ಎರಡೂ ಒಳಗೇ ಇರುವ ಒಂದು ಪವರ್ಡ್ ಸ್ಪೀಕರ್ ತರಿಸಿದೆ. ಬಿಲ್ಲು, ವಾರಂಟಿ ಕಾರ್ಡು, ಸರ್ವಿಸ್ ಸೆಂಟರಿನ ಚೀಟಿ, ಆರು ಫೋಟೊ ಇದರ ಜೊತೆ ಇಟ್ಟಿದ್ದೇನೆ. ಇದೇ ವಿಷಯಕ್ಕೆ ನಾಲ್ಕು ಸಲ ಫೋನ್ ಮಾಡಿದ್ದೇನೆ, ಮೂರು ಇಮೇಲ್ ಹಾಕಿದ್ದೇನೆ. ಮೂರಕ್ಕೂ ಬಂದ ಉತ್ತರ ಒಂದೇ, ಅಲ್ಪವಿರಾಮ ಕೂಡ ಬದಲಾಗಿಲ್ಲ. ಅದಕ್ಕೇ ಈ ಸಲ ಕಾಗದ, ಸ್ಪೀಡ್ ಪೋಸ್ಟಿನಲ್ಲಿ.

ಮೊದಲು ನಾವು ಯಾರು ಅಂತ ಹೇಳಬೇಕು, ಇಲ್ಲದಿದ್ದರೆ ಉಳಿದದ್ದು ಅರ್ಥ ಆಗುವುದಿಲ್ಲ. ನಾನು, ನನ್ನ ತಂಗಿ, ಇಬ್ಬರೇ. ನಾನು ಅಕೌಸ್ಟಿಕ್ ಗಿಟಾರ್ ಬಾರಿಸುತ್ತೇನೆ, ಅವಳು ಹಾರ್ಮೋನಿಯಂ. ಹಾಡುವುದು ಇಬ್ಬರೂ. ದಾಸರ ಪದ, ಭಾವಗೀತೆ, ಹಳೆ ಸಿನೆಮಾ ಹಾಡು, ಕಾರವಾರದ ಕಡೆ ಹೋದರೆ ನಾಲ್ಕು ಕೊಂಕಣಿ ಹಾಡು. ಮದುವೆ ಆರತಕ್ಷತೆ, ಗೋಕರ್ಣದ ಹೋಂಸ್ಟೇಗಳು, ಶಿರಸಿ ಕಡೆ ಗೃಹಪ್ರವೇಶ, ಇಷ್ಟೇ ನಮ್ಮ ವ್ಯಾಪ್ತಿ. ಜನ ನೂರು, ಹೆಚ್ಚೆಂದರೆ ನೂರೈವತ್ತು. ನಾನು ಸೊಸೈಟಿಯಲ್ಲಿ ಕ್ಲರ್ಕ್, ಅವಳು ಶಾಲೆಯಲ್ಲಿ ಟೀಚರ್. ಇದರಿಂದ ಹೊಟ್ಟೆ ತುಂಬಬೇಕಾಗಿಲ್ಲ. ಆದರೆ ಈ ಸ್ಪೀಕರಿನ ದುಡ್ಡು ಎರಡು ವರ್ಷ ಇಂಥ ಕಾರ್ಯಕ್ರಮಗಳಿಂದಲೇ ಕೂಡಿಟ್ಟದ್ದು.

ಇದನ್ನೆಲ್ಲ ನವೆಂಬರ್ 11ರಂದು ನಿಮ್ಮ ಮಾರಾಟ ವಿಭಾಗದವರಿಗೆ ಫೋನಿನಲ್ಲಿ ಹೇಳಿದ್ದೆ. ಬೆರಳು ಮಡಚಿ ಎಣಿಸಿದ ಹಾಗೆ ಹೇಳಿದ್ದೆ: ಹಾಡುವ ಮೈಕು ಎರಡು, ಹಾರ್ಮೋನಿಯಂಗೆ ಒಂದು ಕಂಡೆನ್ಸರ್ ಮೈಕು, ಒಂದು ಗಿಟಾರ್. ಒಟ್ಟು ನಾಲ್ಕು. "ಸರ್, ಇದು ನಾಲ್ಕು ಚಾನೆಲ್ ಮಾಡೆಲ್, ನಿಮಗೆ ಕರೆಕ್ಟಾಗಿ ಸಾಕು" ಅಂದರು. ಗಿಟಾರಿಗೆ ಬೇರೆ ಡಬ್ಬಿ ಏನಾದರೂ ಬೇಕಾ ಅಂತ ಕೇಳಿದೆ. "ಏನೂ ಬೇಡ, ನೇರವಾಗಿ ಹಾಕಬಹುದು." ಕಂಡೆನ್ಸರ್ ಮೈಕು ನಡೆಯುತ್ತದಾ ಅಂದೆ. "ಯಾವ ಮೈಕಾದ್ರೂ ನಡೆಯುತ್ತೆ." ಕರೆ ರೆಕಾರ್ಡ್ ಆಗುತ್ತದೆ ಅಂತ ನಿಮ್ಮ ಯಂತ್ರವೇ ಮೊದಲು ಹೇಳುತ್ತದಲ್ವಾ, ದಯವಿಟ್ಟು ತೆಗೆದು ಕೇಳಿ.

ನವೆಂಬರ್ 19ಕ್ಕೆ ಪೆಟ್ಟಿಗೆ ಬಂತು. ಹಿಂದೆ ತಿರುಗಿಸಿ ನೋಡಿದರೆ ಮೈಕಿನ ಎಕ್ಸ್‌ಎಲ್‌ಆರ್ ಸಾಕೆಟ್ ಇರುವುದು ಎರಡು. ಮೂರನೆಯದು ಗಿಟಾರಿನ ಚಿತ್ರ ಇರುವ ತೂತು. ನಾಲ್ಕನೆಯ ಚಾನೆಲ್ ಯಾವುದು ಅಂದರೆ ಬ್ಲೂಟೂತ್! ಫೋನಿನಿಂದ ಹಾಡು ಹಾಕುವುದಕ್ಕೆ. ನಾವಿಬ್ಬರೂ ಹಾಡುವವರು ಸ್ವಾಮಿ, ಹಾಡು ಹಾಕುವವರಲ್ಲ. ಹಾರ್ಮೋನಿಯಂಗೆ ಜಾಗವೇ ಇಲ್ಲ.

ಮರುದಿನವೇ ಫೋನ್ ಮಾಡಿದೆ. ವಾಪಸ್ ಕೊಡುತ್ತೇನೆ ಅಂದೆ. "ಅವಸರ ಮಾಡಬೇಡಿ, ಒಂದು ವೈ ಕೇಬಲ್ ಹಾಕಿ ಎರಡು ಮೈಕು ಒಂದೇ ಚಾನೆಲ್‌ಗೆ ಸೇರಿಸಬಹುದು" ಅಂತ 650 ರೂಪಾಯಿಯ ಕೇಬಲನ್ನೂ ಮಾರಿದಿರಿ. ಅದು ಮನೆಗೆ ಬಂದದ್ದು 27ಕ್ಕೆ. ನಿಮ್ಮ ಏಳು ದಿನದ ವಾಪಸಾತಿ ಗಡುವು ಮುಗಿದದ್ದು 26ಕ್ಕೆ. ಇದು ಬೇಕಂತಲೇ ಮಾಡಿದ್ದು ಅಂತ ನಾನು ಹೇಳುವುದಿಲ್ಲ. ಲೆಕ್ಕ ಮಾತ್ರ ಬರೆಯುತ್ತಿದ್ದೇನೆ.

29ಕ್ಕೆ ಕುಮಟಾ ಹತ್ತಿರ ಒಂದು ಆರತಕ್ಷತೆ. ಒಂದು ತಪ್ಪು ನಮ್ಮದೂ ಇತ್ತು. ಸ್ಪೀಕರನ್ನು ನಮ್ಮ ಬೆನ್ನ ಹಿಂದೆ ಇಟ್ಟಿದ್ದೆವು, ಮೈಕಿಗೆ ಅದರ ದನಿಯೇ ಮತ್ತೆ ಹೊಕ್ಕು ಕುಂಯ್ ಅಂತ ಕೂಗಿತು. ಮುಂದೆ ಸರಿಸಿದ ಮೇಲೆ ನಿಂತಿತು. ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ಆದರೆ ಹಾರ್ಮೋನಿಯಂ ಮೈಕು ಪೂರ್ತಿ ಮೂಕ. ಕಂಡೆನ್ಸರ್ ಮೈಕಿಗೆ ಸಾಕೆಟ್ಟಿನಿಂದಲೇ 48 ವೋಲ್ಟಿನ ಕರೆಂಟು, ಅಂದರೆ ಫ್ಯಾಂಟಮ್ ಪವರ್, ಬರಬೇಕು. ನಿಮ್ಮ ಪೆಟ್ಟಿಗೆಯಲ್ಲಿ ಅದು ಇಲ್ಲವೇ ಇಲ್ಲ. "ಯಾವ ಮೈಕಾದ್ರೂ" ಅಂದವರಿಗೆ ಇದು ಗೊತ್ತಿರಲಿಲ್ಲವೋ, ಗೊತ್ತಿದ್ದೂ ಅಂದರೋ. ತಂಗಿ ಹಾರ್ಮೋನಿಯಂ ಪೆಟ್ಟಿಗೆಯನ್ನೇ ಎಳೆದು ತನ್ನ ಹಾಡಿನ ಮೈಕಿನ ಬುಡಕ್ಕೆ ತಂದಳು. ಮೈಕು ತಗ್ಗಿಸಿದರೆ ಅವಳ ದನಿ ಇಲ್ಲ, ಏರಿಸಿದರೆ ಹಾರ್ಮೋನಿಯಂ ಇಲ್ಲ. ಎರಡು ಗಂಟೆ ಹಾಗೇ ಕತ್ತು ಬಗ್ಗಿಸಿ ಹಾಡಿದಳು.

ಗಿಟಾರಿನ ಪಾಡು ಇನ್ನೂ ಕೆಟ್ಟದ್ದು. ಆ ಚಿತ್ರ ಇರುವ ತೂತಿಗೇ ಹಾಕಿದೆ. ತಗಡಿನ ಡಬ್ಬಿಗೆ ರಬ್ಬರ್ ಬ್ಯಾಂಡ್ ಕಟ್ಟಿ ಮೀಟಿದ ಹಾಗೆ ಬಂತು. ದಪ್ಪ ತಂತಿಗಳು ಇವೆಯೋ ಇಲ್ಲವೋ ಅನ್ನುವಷ್ಟು. ಬೇಸ್ ತಿರುಪನ್ನು ಪೂರ್ತಿ ಬಲಕ್ಕೆ ತಿರುಗಿಸಿದೆ, ಬರೀ ಗುಂಯ್‌ಗುಡುವುದು ಜಾಸ್ತಿ ಆಯ್ತು. ಮೂರನೇ ಹಾಡಿನ ನಂತರ ಅಡುಗೆ ಭಟ್ಟರು ಸೌಟು ಹಿಡಿದುಕೊಂಡೇ ಬಂದು, "ತಮಾ, ತಂತಿ ಸಡಿಲ ಆಗಿದ್ಯಾ ನೋಡು" ಅಂದರು. ಒಂಬತ್ತು ವರ್ಷದಿಂದ ಬಾರಿಸುವ ಗಿಟಾರಿನ ಬಗ್ಗೆ ಸಾರು ಬಡಿಸುವವರು ಸಲಹೆ ಕೊಡುವ ಹಾಗಾಯ್ತು.

ಕಾರಣ ತಿಳಿದದ್ದು ಶಿರಸಿಯಲ್ಲಿ. ಅಲ್ಲಿ ಯಕ್ಷಗಾನಕ್ಕೆ ಮೈಕ್‌ಸೆಟ್ ಹಾಕುವ ಒಬ್ಬ ಗೆಳೆಯರಿದ್ದಾರೆ. ಚಂಡೆ ಪಕ್ಕದಲ್ಲೇ ಭಾಗವತರ ದನಿ ಕೇಳಿಸುವ ಹಾಗೆ ಮಾಡುವವರು, ಅವರ ಕಿವಿ ನಂಬಬಹುದು. ನಿಮ್ಮ ಪುಸ್ತಿಕೆ ತೆಗೆದು ಕೊನೆಯ ಪುಟ ತೋರಿಸಿದರು. ಆ ತೂತಿನ ಇನ್‌ಪುಟ್ ಇಂಪೀಡೆನ್ಸ್, ಅಂದರೆ ಸಿಗ್ನಲ್‌ಗೆ ಒಡ್ಡುವ ತಡೆ, 20,000 ಓಮ್. ಇದು ಕಡಿಮೆ ಆದಷ್ಟೂ ಸಿಗ್ನಲ್ಲನ್ನು ಎಳೆಯುವುದು ಜಾಸ್ತಿ. ನನ್ನ ಗಿಟಾರಿನಲ್ಲಿ ತಂತಿಯ ನಡುಕವನ್ನು ಸಿಗ್ನಲ್ ಮಾಡುವುದು ಬ್ಯಾಟರಿ ಇಲ್ಲದ ಪೀಜೊ ಪಿಕಪ್. ಅದಕ್ಕೆ ಕಡಿಮೆ ಅಂದರೂ 10 ಲಕ್ಷ ಓಮ್ ಬೇಕು. ನನ್ನ ಮುಖ ನೋಡಿ ಅವರೇ ಬಿಡಿಸಿ ಹೇಳಿದರು: "ಗುಡ್ಡದ ಅಬ್ಬಿ ನೀರು ಅಡಿಕೆ ದಬ್ಬೆಯಲ್ಲಿ ಸಣ್ಣಗೆ ಬರ್ತದೆ. ಚೊಂಬು ಹಿಡಿದರೆ ತುಂಬ್ತದೆ. ಅದಕ್ಕೇ ಐದು ಎಚ್‌ಪಿ ಪಂಪು ಹಚ್ಚಿದರೆ? ಬರೀ ಗಾಳಿ ಎಳೀತದೆ. ಈ ತೂತು ಪಂಪು." ಪೀಜೊದಿಂದ ಬರುವ ಸಿಗ್ನಲ್ ಅಷ್ಟು ಬಡವ. ಎಳೆಯುವುದು ಜಾಸ್ತಿ ಆದರೆ ಮೊದಲು ಸಾಯುವುದು ಕೆಳಗಿನ ಸ್ವರಗಳೇ.

ಆಮೇಲೆ ಗಿಟಾರಿನ ಸಿಗ್ನಲ್ಲನ್ನು ಮೈಕಿನ ಸಾಕೆಟ್ಟಿಗೆ ಹೊಂದಿಸುವ, ಸೋಪಿನ ಪೆಟ್ಟಿಗೆಯಷ್ಟು ದೊಡ್ಡ ಒಂದು ಡಿಐ ಬಾಕ್ಸ್ ತಂದು, ಅದಕ್ಕೆ 9 ವೋಲ್ಟಿನ ಬ್ಯಾಟರಿ ಹಾಕಿ, ಗಿಟಾರನ್ನು ಅದಕ್ಕೆ, ಅದನ್ನು ಮೈಕಿನ ಸಾಕೆಟ್ಟಿಗೆ ಕೊಟ್ಟರು. ಅದೇ ಗಿಟಾರ್, ಅದೇ ಸ್ಪೀಕರ್. ಮೊದಲ ಸಲ ಮೀಟಿದಾಗ ಜಗುಲಿಯಲ್ಲಿ ಮಲಗಿದ್ದ ನಾಯಿ ತಲೆ ಎತ್ತಿತು. ಅಂದರೆ ಗಿಟಾರಿಗೆ "ಬೇರೆ ಡಬ್ಬಿ" ಬೇಕಿತ್ತು. ನಾನು ಕೇಳಿದ್ದು ಅದನ್ನೇ. ನೀವು ಬೇಡ ಅಂದಿರಿ. ಈಗ ಡಿಐ ಬಾಕ್ಸ್ ಒಂದು ಮೈಕ್ ಸಾಕೆಟ್ ತಿಂದಿತು, ಉಳಿದದ್ದು ಒಂದೇ. ಡಿಸೆಂಬರಿನಿಂದ ನಾವಿಬ್ಬರೂ ಒಂದೇ ಮೈಕಿಗೆ ಕೆನ್ನೆಗೆ ಕೆನ್ನೆ ಕೊಟ್ಟು ಹಾಡುತ್ತಿದ್ದೆವು. ಫೋಟೊದಲ್ಲಿ ಅಣ್ಣ ತಂಗಿ ಪ್ರೀತಿ ಚೆನ್ನಾಗಿ ಕಾಣುತ್ತದೆ.

ಸ್ಪೀಕರಿನ ಮುಂಭಾಗದಲ್ಲಿ ಬರೆದ 1000 ವ್ಯಾಟ್ ಬಗ್ಗೆ ಎರಡೇ ಮಾತು. ಹಿಂಭಾಗದ ಸಣ್ಣ ಅಕ್ಷರದಲ್ಲಿ ಆರ್‌ಎಂಎಸ್, ಅಂದರೆ ಸತತವಾಗಿ ಕೊಡುವ ಶಕ್ತಿ, 150 ಅಂತಿದೆ. ನಿಜ ಹೇಳಬೇಕೆಂದರೆ ನಮಗೆ 150 ಸಾಕು. ರಾತ್ರಿ 10ರ ಮೇಲೆ ಬಯಲಲ್ಲಿ ಮೈಕ್ ಹಾಕುವ ಹಾಗಿಲ್ಲ, ನಾವು ಒಂಬತ್ತೂವರೆಗೇ ಗಂಟು ಕಟ್ಟುತ್ತೇವೆ. ವ್ಯಾಟ್ ಇಮ್ಮಡಿ ಆದರೂ ದನಿ ಏರುವುದು 3 ಡೆಸಿಬೆಲ್, ಊಟದ ಪಂಕ್ತಿಯಲ್ಲಿ ಕೂತವರಿಗೆ ಅದು ಗೊತ್ತೂ ಆಗುವುದಿಲ್ಲ. 150 ಅಂತಲೇ ಮುಂದೆ ಬರೆದಿದ್ದರೂ ಕೊಳ್ಳುತ್ತಿದ್ದೆ. ತೂಕ 14 ಕಿಲೋ ಅಂತ ಹಾಕಿದ್ದೀರಿ. ಇಲ್ಲಿನ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ 18.6 ಬಂತು. ದೇವಿಮನೆ ಘಟ್ಟ ಹತ್ತುವ ಬಸ್ಸಿನಲ್ಲಿ ಕಾಲ ಮೇಲೆ ಇಟ್ಟುಕೊಂಡವನಿಗೆ ಆ ನಾಲ್ಕೂವರೆ ಕಿಲೋ ಏನು ಅಂತ ಗೊತ್ತು.

ಇಷ್ಟಾದರೂ ಹೊಂದಿಕೊಂಡು ಹೋಗುತ್ತಿದ್ದೆವು. ಮಾರ್ಚ್ 12ಕ್ಕೆ ಒಂದನೇ ಚಾನೆಲ್ ಕರಕರ ಅನ್ನತೊಡಗಿ, ಹಾಡಿನ ಮಧ್ಯೆ ಸತ್ತೇ ಹೋಯ್ತು. 15ಕ್ಕೆ ಬಸ್ ಪಾರ್ಸೆಲ್‌ನಲ್ಲಿ ಹುಬ್ಬಳ್ಳಿಯ ನಿಮ್ಮ ಸರ್ವಿಸ್ ಸೆಂಟರಿಗೆ ಕಳಿಸಿದೆ. 26 ದಿನ ಬಿಟ್ಟು ಏಪ್ರಿಲ್ 10ಕ್ಕೆ ರಿಪೇರಿ ಆಗದೆ ವಾಪಸ್ ಬಂತು. ಚೀಟಿಯಲ್ಲಿ ಒಂದು ಸಾಲು: "ಸಮುದ್ರದ ತೇವದಿಂದ ಹಾನಿ, ವಾರಂಟಿ ಅನ್ವಯಿಸುವುದಿಲ್ಲ." ರಿಪೇರಿ ಬೇಕಿದ್ದರೆ 6,800 ರೂಪಾಯಿ.

ಈ ಸಾಲು ಓದಿದ ಮೇಲೆಯೇ ನನಗೆ ನಿಜವಾಗಿ ಸಿಟ್ಟು ಬಂದದ್ದು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ, ಐದು ತಾಲೂಕು ಕಡಲ ದಂಡೆಯಲ್ಲೇ ಇವೆ. ಇಲ್ಲಿ ಉಪ್ಪುಗಾಳಿ ಇರುತ್ತದೆ ಅಂತ ನಿಮಗೆ ಪಿನ್‌ಕೋಡ್ ನೋಡಿದಾಗ ಗೊತ್ತಾಗಲಿಲ್ಲವೇ? ಹಾಗಿದ್ದರೆ ಕರಾವಳಿಗೆ ಮಾರುವುದಿಲ್ಲ ಅಂತ ಬರೆದುಬಿಡಿ. ನಿಮ್ಮ ಜಾಹೀರಾತಿನಲ್ಲಿ ಇಬ್ಬರು ಇದೇ ಸ್ಪೀಕರನ್ನು ತೆಂಗಿನ ಮರದ ಕೆಳಗೆ, ಮರಳಿನ ಮೇಲೆ ಇಟ್ಟು ಹಾಡುತ್ತಾರೆ. ಹಿಂದೆ ಅಲೆ ಬೇರೆ. 1930ರಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದ ಊರು ನಮ್ಮದು, ಪಕ್ಕದಲ್ಲೇ ಸಾಣಿಕಟ್ಟೆಯ ಉಪ್ಪಿನಾಗರ. ಉಪ್ಪು ಏನೇನು ಮಾಡುತ್ತದೆ ಅನ್ನುವುದನ್ನು ನಮಗೆ ಹೇಳಿಕೊಡಬೇಕಾಗಿಲ್ಲ. ಕಿಟಕಿಯ ಸರಳು ತಿನ್ನುತ್ತದೆ, ಸೈಕಲ್ ಚೈನ್ ತಿನ್ನುತ್ತದೆ, ಅದಕ್ಕೆ ವರ್ಷಗಳು ಬೇಕು. ನವೆಂಬರಿನಿಂದ ಮಾರ್ಚಿನವರೆಗೆ ಇಲ್ಲಿ ಒಣಗಾಲ. ಕಾರ್ಯಕ್ರಮ ಮುಗಿದ ಮೇಲೆ ಪ್ರತಿ ಸಲ ಒಣಬಟ್ಟೆಯಲ್ಲಿ ಒರೆಸಿ, ಕವರ್ ಹಾಕಿ, ಒಳಕೋಣೆಯಲ್ಲಿ ಇಟ್ಟಿದ್ದೇವೆ.

ನೀವು ವಾರಂಟಿ ಇಲ್ಲ ಅಂದ ಮೇಲೆ ಶಿರಸಿಯ ಅದೇ ಗೆಳೆಯರು ನನ್ನೆದುರೇ ಹಿಂದಿನ ತಗಡು ಬಿಚ್ಚಿದರು. ಫೋಟೊ 3 ಮತ್ತು 4 ನೋಡಿ. ಬೋರ್ಡಿನ ಮೇಲೆ ಹಸಿರು ಕಲೆ ಇಲ್ಲ, ತುಕ್ಕು ಇಲ್ಲ, ಬಿಳಿ ಪುಡಿ ಇಲ್ಲ. ಇರುವುದು ಒಂದು ಬಿರುಕು. ಮೈಕ್ ಸಾಕೆಟ್ಟನ್ನು ತಗಡಿಗೆ ಸ್ಕ್ರೂ ಹಾಕಿ ಬಿಗಿದೇ ಇಲ್ಲ, ಬರೀ ಬೋರ್ಡಿನ ಬೆಸುಗೆಯ ಮೇಲೆ ನಿಲ್ಲಿಸಿದ್ದೀರಿ. ಕೇಬಲ್ ಚುಚ್ಚಿದಾಗ, ಎಳೆದಾಗ, ಅಷ್ಟೂ ಭಾರ ಆ ಮೂರು ಹನಿ ಸೀಸದ ಮೇಲೆ. ಅದು ಬಿರಿದಿದೆ, ಅಷ್ಟೇ. ಮಂಗಳೂರಿನಲ್ಲಿ ಬಿರಿದ ಹಾಗೇ ಕಲಬುರಗಿಯಲ್ಲೂ ಬಿರಿಯುತ್ತದೆ. ಹತ್ತು ನಿಮಿಷದ ಬೆಸುಗೆ ಕೆಲಸ, ಈಗಲೇ ಮಾಡಿಕೊಡಲಾ ಅಂದರು. ನಾನೇ ಬೇಡ ಅಂದೆ. ಸಾಕ್ಷಿ ಇದ್ದ ಹಾಗೇ ಇರಲಿ.

ನಾನು ಕೇಳುವುದು ಇಷ್ಟು. ಸ್ಪೀಕರಿನ 31,900, ನೀವೇ ತೋರಿಸಿದ ವೈ ಕೇಬಲಿನ 650, ಹುಬ್ಬಳ್ಳಿಗೆ ಹೋಗಿಬರುವ ಪಾರ್ಸೆಲ್ 960, ಒಟ್ಟು 33,510 ರೂಪಾಯಿ. ಮಾನಸಿಕ ಹಿಂಸೆ ಅಂತ ಲಕ್ಷ ಕೇಳುವವನು ನಾನಲ್ಲ. ಸ್ಪೀಕರ್ ಇಲ್ಲದ ದಿನಗಳಲ್ಲಿ ಎರಡು ಸಲ ಬಾಡಿಗೆ ಸೆಟ್ ತಂದ ದುಡ್ಡನ್ನೂ ಬಿಟ್ಟಿದ್ದೇನೆ. ಬದಲಿ ಸ್ಪೀಕರ್ ಕಳಿಸುತ್ತೇವೆ ಅನ್ನಬೇಡಿ. ಅದೇ ಎರಡು ಸಾಕೆಟ್, ಅದೇ ಬೆಸುಗೆ. ಫ್ಯಾಂಟಮ್ ಪವರ್ ಇರುವ ಸಣ್ಣ ಮಿಕ್ಸರ್ ಒಂದು, ಮಿಕ್ಸರ್ ಇಲ್ಲದ ಸಾದಾ ಪವರ್ಡ್ ಸ್ಪೀಕರ್ ಒಂದು ಬೇರೆ ಬೇರೆಯಾಗಿ ಕೊಳ್ಳಬೇಕಿತ್ತು. ಈಗ ಹಾಗೇ ಮಾಡುತ್ತೇವೆ, ನಿಮ್ಮ ದುಡ್ಡು ಬಂದ ಮೇಲೆ.

ಈ ಪತ್ರ ತಲುಪಿದ 15 ದಿನದೊಳಗೆ ಬರಹದಲ್ಲಿ ಉತ್ತರ ಬೇಕು. ಬಾರದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಅರ್ಜಿ ಹಾಕುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾನು ವಾಸ ಇರುವ ಜಿಲ್ಲೆಯಲ್ಲೇ ಹಾಕಬಹುದು, ನಿಮ್ಮ ಊರಿಗೆ ಬರಬೇಕಾಗಿಲ್ಲ. 5 ಲಕ್ಷದೊಳಗಿನ ವಸ್ತುವಿಗೆ ಶುಲ್ಕವೂ ಇಲ್ಲ. 1915 ಗ್ರಾಹಕ ಸಹಾಯವಾಣಿಗೆ ಈಗಾಗಲೇ ಹೇಳಿ ಇಟ್ಟಿದ್ದೇನೆ.

ಸ್ಪೀಕರ್ ಮೊದಲಿನ ಪೆಟ್ಟಿಗೆಯಲ್ಲೇ, ಥರ್ಮೋಕೋಲ್ ಸಮೇತ, ನಮ್ಮ ಒಳಕೋಣೆಯ ಮಂಚದ ಕೆಳಗೆ ಇದೆ. ತೆಗೆದುಕೊಂಡು ಹೋಗಲು ಯಾರನ್ನಾದರೂ ಕಳಿಸುವುದಾದರೆ ಸಂಜೆ ಐದೂವರೆ ಮೇಲೆ ಕಳಿಸಿ, ಅಷ್ಟರೊಳಗೆ ನಾನು ಸೊಸೈಟಿಯಿಂದ ಬಂದಿರುತ್ತೇನೆ. ಇಬ್ಬರನ್ನು ಕಳಿಸಿದರೆ ಒಳ್ಳೇದು. 14 ಕಿಲೋ ಅಂತ ಒಬ್ಬನೇ ಬಂದು ಎತ್ತಿದರೆ ಸೊಂಟ ಹಿಡಿದುಕೊಂಡೀತು.

ಇತಿ,
ನಿಮ್ಮ ಗ್ರಾಹಕ,
ಅಂಕೋಲಾ

(ಲಗತ್ತು: ಬಿಲ್ಲು 2, ವಾರಂಟಿ ಕಾರ್ಡು, ಸರ್ವಿಸ್ ಚೀಟಿ, ಪಾರ್ಸೆಲ್ ರಸೀದಿ 2, ತಕ್ಕಡಿಯದ್ದೂ ಸೇರಿ ಫೋಟೊ 6)