ಕಂಪ್ಯೂಟರ್ ಅಂಗಡಿಯಲ್ಲಿ ಸಿಕ್ಕ ಅಣ್ಣನಿಗೆ

ಶಿರಸಿ ದೇವಿಕೆರೆ ಹತ್ತಿರದ ಅಂಗಡಿಗೆ ಪ್ರಿಂಟರ್ ಇಂಕ್ ತುಂಬಿಸಲು ಬಂದಿದ್ದ ಅಣ್ಣಾ, ಹೆಸರು ಕೇಳುವಷ್ಟರಲ್ಲಿ ಕುಮಟಾ ಬಸ್ ಹತ್ತಿಬಿಟ್ಟಿರಿ. ನನ್ನ ಅಗ್ಗದ ಯುಎಸ್‌ಬಿ ಗೇಮ್‌ಪ್ಯಾಡನ್ನು ವಿಂಡೋಸ್ ಗುರುತಿಸುತ್ತಿತ್ತು, ರೇಸಿಂಗ್ ಗೇಮ್ ಮಾತ್ರ ಕ್ಯಾರೇ ಅನ್ನುತ್ತಿರಲಿಲ್ಲ. ಹೊಸದು ತಗೊಳ್ಳಿ ಅಂದಿದ್ದರು ಅಂಗಡಿಯವರು.

"ಪ್ಯಾಡ್ ಸರಿ ಇದ್ದು ತಮಾ. ಇದು ಹಳೇ ಡೈರೆಕ್ಟ್‌ಇನ್‌ಪುಟ್, ಗೇಮ್ ಕೇಳ್ತಾ ಇಪ್ಪದು ಎಕ್ಸ್‌ಇನ್‌ಪುಟ್" ಅಂದಿರಿ. ಅವೆರಡೂ ವಿಂಡೋಸಿನಲ್ಲಿ ಪ್ಯಾಡ್ ಮತ್ತು ಗೇಮ್ ಮಾತಾಡಿಕೊಳ್ಳುವ ಬೇರೆಬೇರೆ ಭಾಷೆಗಳಿದ್ದ ಹಾಗೆ. ಆಮೇಲೆ ನನ್ನ ಲ್ಯಾಪ್‌ಟಾಪಿಗೆ ಎಕ್ಸ್‌360ಸಿಇ ಅನ್ನೋ ಪ್ರೋಗ್ರಾಂ ಹಾಕಿಕೊಟ್ಟಿರಿ. ಯಾವ ಪ್ಯಾಡನ್ನಾದರೂ ಎಕ್ಸ್‌ಬಾಕ್ಸ್ 360 ಕಂಟ್ರೋಲರ್ ಅಂತ ಗೇಮಿಗೆ ನಂಬಿಸುತ್ತದೆ ಅದು. ಥೇಟ್ ಯಕ್ಷಗಾನದ ವೇಷ! ಒಂದೊಂದೇ ಗುಂಡಿ ಒತ್ತಿಸಿ ಹೊಂದಿಸಿದಿರಿ. ಬಲಗಡೆ ಸ್ಟಿಕ್ ಮೇಲೆತ್ತಿದರೆ ಕ್ಯಾಮೆರಾ ನೆಲ ನೋಡುತ್ತಿತ್ತು, ಆ ಅಕ್ಷವನ್ನೂ ತಿರುವುಮುರುವು ಮಾಡಿ ಸರಿಪಡಿಸಿದಿರಿ. ಇಂಕ್ ತುಂಬಿ ಆಗಿದ್ದರೂ ನಿಂತೇ ಇದ್ದಿರಿ.

ತುಂಬಾ ಉಪಕಾರ ಆಯ್ತು ಅಣ್ಣಾ. ಮತ್ತೆ ಶಿರಸಿಗೆ ಬಂದರೆ ಕಷಾಯ ನನ್ನ ಲೆಕ್ಕ.