ಅದೇ ದಿನ ಬಂಗಾಳ ಕೊಲ್ಲಿಯಲ್ಲೂ ಹೋರಾಡಿದರು

ಮಾನ್ಯರೇ,

ಡಿಸೆಂಬರ್ 4ರ ನೌಕಾಪಡೆ ದಿನಕ್ಕೆ ಪ್ರತಿವರ್ಷ ಪತ್ರಿಕೆಗಳಲ್ಲಿ 1971ರ ಪಾಕಿಸ್ತಾನ ಯುದ್ಧದ ಕರಾಚಿ ದಾಳಿಯ ನೆನಪು ಬರುತ್ತದೆ. ಬರಲೇಬೇಕು. ಆದರೆ ಅದೇ ದಿನ ವಿಮಾನವಾಹಕ ‘ವಿಕ್ರಾಂತ್’ ನೌಕೆಯಿಂದ ಹಾರಿದ ಸೀ ಹಾಕ್ ಯುದ್ಧ ವಿಮಾನಗಳು ಆಗಿನ ಪೂರ್ವ ಪಾಕಿಸ್ತಾನದ (ಈಗಿನ ಬಾಂಗ್ಲಾದೇಶ) ಕಾಕ್ಸ್ ಬಜಾರ್ ಮೇಲೆ, ಆಮೇಲೆ ಚಿತ್ತಗಾಂಗ್ ಮೇಲೆ ಎರಗಿದ್ದನ್ನು ಯಾರೂ ಎತ್ತುವುದಿಲ್ಲ. ಮೊನ್ನೆ ನನ್ನ ಮೊಮ್ಮಗ, ‘ನೇವಿಯಲ್ಲಿ ಹಡಗು ಇರ್ತಾವೆ, ಫೈಟರ್ ಪ್ಲೇನ್ ಎಲ್ಲಿರ್ತಾವೆ ತಾತ?’ ಅಂದ. ಅದಕ್ಕೇ ಈ ಪತ್ರ.

ನಾನು ದಾವಣಗೆರೆಯ ಹತ್ತಿ ಗಿರಣಿ ಕಾರ್ಮಿಕರ ಮಗ. ಆಗ ವಿಕ್ರಾಂತ್‌ನಲ್ಲಿದ್ದ ನನಗೆ 21 ವರ್ಷ. ಹಾರುವ ಮುಂಚೆ ಪೈಲಟ್‌ಗಳನ್ನು ಸೀಟಿಗೆ ಬಿಗಿಯುವುದು, ಬಂದ ಮೇಲೆ ಬಿಡಿಸುವುದು ನನ್ನ ಕೆಲಸ. ಸೀ ಹಾಕ್‌ಗೆ ಒಂದೇ ಎಂಜಿನ್, ಒಬ್ಬರೇ ಪೈಲಟ್. ಎಂಜಿನ್ ಕೈಕೊಟ್ಟರೆ ಇಳಿಯಲು ಕೆಳಗೆ ಹೊಲವಿಲ್ಲ, ಬಯಲಿಲ್ಲ. ಸಾಲದ್ದಕ್ಕೆ ನಮ್ಮ ಹಡಗಿನ ಒಂದು ಬಾಯ್ಲರ್ ಬಿರುಕು ಬಿಟ್ಟಿತ್ತು, ಪೂರ್ತಿ ವೇಗ ಸಿಗುತ್ತಿರಲಿಲ್ಲ. ವಿಮಾನ ಏರಬೇಕಾದರೆ ಹಡಗು ಗಾಳಿಗೆದುರಾಗಿ ಓಡಬೇಕು. ಗಾಳಿ ಬಿದ್ದ ಹೊತ್ತಿನಲ್ಲಿ ಹಬೆಯ ಕ್ಯಾಟಪಲ್ಟ್ ವಿಮಾನವನ್ನು ಕವಣೆ ಕಲ್ಲಿನ ಹಾಗೆ ಬೀಸಿ ಒಗೆದಾಗ, ಅದು ನೀರಿನತ್ತ ತುಸು ತಗ್ಗಿ ಮೇಲೇಳುವವರೆಗೆ ಡೆಕ್ಕಿನ ಮೇಲೆ ಒಬ್ಬರೂ ಉಸಿರು ಬಿಡುತ್ತಿರಲಿಲ್ಲ.

ಇಳಿಯುವುದು ಇನ್ನೂ ಕಷ್ಟ. ಡೆಕ್ಕಿಗೆ ಅಡ್ಡ ಎಳೆದ ಉಕ್ಕಿನ ಹಗ್ಗಕ್ಕೆ ಬಾಲದ ಕೊಕ್ಕೆ ಸಿಕ್ಕಿಕೊಳ್ಳಬೇಕು. ತಪ್ಪಿದರೆ ಮತ್ತೆ ಮೇಲಕ್ಕೇರಿ ಸುತ್ತು ಹಾಕಿ ಬರಬೇಕು, ಅದೂ ಇಂಧನ ಉಳಿದಿದ್ದರೆ.

ಒಂದು ದಿನ ದಾಳಿಯಿಂದ ಬಂದ ವಿಮಾನದ ರೆಕ್ಕೆಯಲ್ಲಿ ನಾಲ್ಕಾಣೆ ಅಗಲದ ತೂತಿತ್ತು. ನಾನು ಏಣಿ ಹತ್ತಿ, ಅಪಾಯದಲ್ಲಿ ಪೈಲಟ್‌ರನ್ನು ಹೊರಕ್ಕೆ ಚಿಮ್ಮಿಸುವ ಆ ಸೀಟು ಅಕಸ್ಮಾತ್ ಹಾರದಂತೆ ಸೇಫ್ಟಿ ಪಿನ್ ಹಾಕಿದೆ, ಬೆಲ್ಟ್ ಬಿಚ್ಚಿದೆ. ಆದರೆ ಪೈಲಟ್ ಸಾಹೇಬರು ಹಿಡಿದ ಸ್ಟಿಕ್ (ವಿಮಾನ ನಡೆಸುವ ಹಿಡಿ) ಬಿಡಲಿಲ್ಲ. ‘ಎಲ್ಲರೂ ಬಂದರಾ?’ ಎಂದು ಹಿಂದಿಯಲ್ಲಿ ಕೇಳಿದರು. ತಿರುಗಿ ಎಣಿಸಿ, ‘ಎಲ್ಲರೂ ಬಂದಿದ್ದಾರೆ ಸರ್’ ಅಂದೆ. ಆಗ ಒಂದೊಂದೇ ಬೆರಳು ಬಿಡಿಸಿದರು. ಅವರು ಕಳಚಿಕೊಟ್ಟ ಕೈಗವಸು ನೀರಲ್ಲಿ ಅದ್ದಿ ತೆಗೆದ ಹಾಗೆ ಬೆವರಿನಿಂದ ತೊಯ್ದಿತ್ತು. ಎರಡು ಮಗ್ ನೀರು ಕುಡಿದರು. ಅವತ್ತೇ ಮತ್ತೆ ಅವರನ್ನು ಅದೇ ಸೀಟಿಗೆ ಬಿಗಿದು ಕಳಿಸಿದವನು ನಾನೇ.

ಆ ಯುದ್ಧದಲ್ಲಿ ಒಂದೂ ಸೀ ಹಾಕ್ ಕಳೆದುಕೊಳ್ಳಲಿಲ್ಲ. ಸ್ಕ್ವಾಡ್ರನ್ ಮುನ್ನಡೆಸಿದ ಎಸ್.ಕೆ. ಗುಪ್ತಾ ಅವರಿಗೂ ಹಡಗಿನ ಕ್ಯಾಪ್ಟನ್ ಸ್ವರಾಜ್ ಪ್ರಕಾಶ್ ಅವರಿಗೂ ಮಹಾವೀರ ಚಕ್ರ ಬಂತು. ಗೋವಾದ ನೌಕಾ ವಿಮಾನ ಸಂಗ್ರಹಾಲಯದಲ್ಲಿ ಸೀ ಹಾಕ್ ಈಗಲೂ ನಿಂತಿದೆ. ನಮ್ಮ ಶಾಲೆಗಳು ಗೋವಾ ಪ್ರವಾಸಕ್ಕೆ ಹೋದಾಗ ಸಮುದ್ರ ತೀರದ ಜೊತೆ ಅದನ್ನೂ ತೋರಿಸಲಿ.

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಆ ಯುದ್ಧಕ್ಕೆ ಹೋದವರಲ್ಲಿ ಇನ್ನೂ ಕೆಲವರು ಇದ್ದಾರೆ. ದಯವಿಟ್ಟು ನಿಮ್ಮ ವರದಿಗಾರರನ್ನು ಕಳಿಸಿ ಅವರ ಮಾತು ಬರೆದುಕೊಳ್ಳಿ. ಹಿರಿಯೂರಿನ ನನ್ನ ಗೆಳೆಯ, ಅದೇ ಹಡಗಿನ ಬಾಯ್ಲರ್ ಕೋಣೆಯಲ್ಲಿದ್ದವನು, ಕಳೆದ ತಿಂಗಳು ತೀರಿಕೊಂಡ. ಅವನನ್ನು ಯಾರೂ ಕೇಳಿರಲಿಲ್ಲ.

– ಮಾಜಿ ನೌಕಾ ಸೈನಿಕ, ವಿದ್ಯಾನಗರ, ದಾವಣಗೆರೆ